ಸಾಸವಡದ ಹತ್ತಿರ 20 ಗುಂಟೆ: ದಂಟಿನ ಜೋಳದಿಂದ ಕಾಕಂಬಿ, ಸಕ್ಕರೆ, ಮೇವು ಮೂರೂ ಸಿಕ್ಕಾವೇ?

ಪ್ರಶ್ನೆ: ಪುಣೆಯಲ್ಲಿ ನೌಕರಿ, ಸಾಸವಡದ ಕಡೆ 20 ಗುಂಟೆ ಹೊಲ, ನಾಲ್ಕು ಎಮ್ಮೆ. ಮುಂಗಾರಿಗೆ ಸಿಹಿ ದಂಟಿನ ಜೋಳ ಹಾಕಿ, ದಂಟಿನ ರಸದಿಂದ ಕಾಕಂಬಿ (ಕಾಯಿಸಿದ ದಪ್ಪ ಪಾಕ), ಸಕ್ಕರೆ, ಜೊತೆಗೆ ಎಮ್ಮೆಗೆ ಮೇವು ಪಡೆಯಬೇಕೆಂದಿದ್ದೇನೆ. ಬಲ್ಲವರು ಹೇಳಿ.

ಉತ್ತರ 1: ಅಂಗಡಿಯಲ್ಲಿ ‘ಸಿಹಿ ಜೋಳ’ ಅಂತ ಕೇಳಬೇಡ್ರಿ, ಸ್ವೀಟ್ ಕಾರ್ನ್ ಕೊಡ್ತಾರ. ತಳಿಯ ಹೆಸರು ಹೇಳಿ ಕೇಳ್ರಿ: ಫಲಟಣದ ನಿಂಬಕರ್ ಸಂಸ್ಥೆಯ ‘ಮಧುರಾ’, ಇಲ್ಲಾ ಎಸ್‌ಎಸ್‌ವಿ 84. ಸಿಎಸ್‌ಎಚ್ 22 ಎಸ್‌ಎಸ್ ಹೈಬ್ರಿಡ್, ಅದರ ಬೀಜ ಮುಂದಿನ ವರ್ಷಕ್ಕ ಬರೋದಿಲ್ಲ. 20 ಗುಂಟೆಗೆ 2 ಕೆಜಿ ಬೀಜ, ಸಾಲಿಗೆ 60 ಸೆಂಮೀ, ಗಿಡಕ್ಕೆ 15. ಬಿತ್ತುವಾಗ ಡಿಎಪಿ 17, ಪೊಟ್ಯಾಶ್ 13, ಯೂರಿಯಾ 11 ಕೆಜಿ. 30 ದಿನಕ್ಕ ಮತ್ತ 17 ಕೆಜಿ ಯೂರಿಯಾ. ಮಳೆ ಬಿದ್ದ ಕೂಡಲೇ ಬಿತ್ತರಿ, ತಡವಾದಷ್ಟೂ ಸುಳಿ ನೊಣದ ಕಾಟ ಹೆಚ್ಚು. ಹಿಂಗಾರಿ ಬೇಡ, ಚಳಿಗೆ ದಂಟು ಗಿಡ್ಡ, ಸಿಹಿಯೂ ಕಡಿಮೆ.

ಉತ್ತರ 2: ಸಕ್ಕರೆಯ ಆಸೆ ಬಿಡಿ. ಈ ರಸದಲ್ಲಿ ಗ್ಲೂಕೋಸ್, ಫ್ರುಕ್ಟೋಸ್ ಜಾಸ್ತಿ, ಜೊತೆಗೆ ಪಿಷ್ಟ, ಹರಳು ಕಟ್ಟುವುದಿಲ್ಲ. ಕಾಕಂಬಿಗೆ ಅದೇ ಗುಣ ಅನುಕೂಲ. ಕಾಳು ಗಟ್ಟಿಯಾದ ಮೇಲೆ ರಿಫ್ರಾಕ್ಟೋಮೀಟರಿನಲ್ಲಿ (ರಸದ ಸಿಹಿ ಅಳೆಯುವ ಸಾಧನ) 16 ಬ್ರಿಕ್ಸ್, ಅಂದರೆ ಸುಮಾರು ಶೇ 16 ಸಿಹಿ, ತೋರಿದರೆ ಕಡಿಯಿರಿ. ತೆನೆ, ರವದಿ (ಎಲೆ) ತೆಗೆದು ಅವತ್ತೇ ಗಾಣಕ್ಕೆ ಹಾಕಬೇಕು. ಮರುದಿನಕ್ಕೆ ಬಿಟ್ಟರೆ ಸಿಹಿ ಇಳಿದು ಹುಳಿ ಏರುತ್ತದೆ. ರಸವನ್ನು ಬಟ್ಟೆಯಲ್ಲಿ ಸೋಸಿ ಎರಡು ತಾಸು ತಿಳಿಯಾಗಲು ಬಿಡಿ, ಬುಡದ ಬಿಳಿ ಪಿಷ್ಟ ಕೊಪ್ಪರಿಗೆಗೆ ಹೋಗದಿರಲಿ. ಹೋದರೆ ತಳ ಹಿಡಿಯುತ್ತದೆ, ಪಾಕ ಲೋಳೆಯಾಗುತ್ತದೆ. ಮೊದಲು ಉರಿ ಸಣ್ಣಗೆ, ಹಸಿರು ನೊರೆ ಬಂದಷ್ಟೂ ತೆಗೆಯುತ್ತಿರಿ, ಆಮೇಲೆ ಜೋರು ಉರಿ. ರಸ ತಿಳಿಯಾಗಲೆಂದು ಸುಣ್ಣ ಹಾಕುವುದಾದರೆ ಹೆಚ್ಚಾಗದಿರಲಿ, ಹೆಚ್ಚಾದರೆ ಬಣ್ಣ ಕಪ್ಪು. ಪಾಕ 108 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಇಳಿಸಿ. ಲೆಕ್ಕಕ್ಕೆ 100 ಕೆಜಿ ರಸಕ್ಕೆ 20 ಕೆಜಿ ಪಾಕ. ನೊರೆ, ಅಂಟು ಕಳೆದರೆ ಅದಕ್ಕಿಂತ ಕಡಿಮೆಯೇ. ತೆಳುವಾಗಿ ಇಳಿಸಿದ್ದು ಡಬ್ಬಿಯಲ್ಲಿ ಹುಳಿಯುತ್ತದೆ.

ಪ್ರಶ್ನೆ: ಗಾಣ ಕಬ್ಬಿನದೇ ನಡೆಯುತ್ತದೆಯೇ?

ಉತ್ತರ 2: ನಡೆಯುತ್ತದೆ. ದಂಟು ಸಪೂರ, ರೋಲರಿನ ಸಂದು ಬಿಗಿ ಮಾಡಿಸಿ. ಇಲ್ಲದಿದ್ದರೆ ರಸ ಅರ್ಧ ಸಿಪ್ಪೆಯಲ್ಲೇ ಉಳಿಯುತ್ತದೆ.

ಉತ್ತರ 3: ಎಮ್ಮೆಗಳ ವಿಷಯ ಯಾರೂ ಹೇಳಲಿಲ್ಲವಲ್ಲ! ಎಳೆ ಗಿಡ, ಬರಕ್ಕೆ ಬಾಡಿದ್ದು, ಕಡಿದ ಮೇಲೆ ಚಿಗುರಿದ ಕೂಳೆ: ಈ ಮೂರರಲ್ಲೂ ಸಯನೈಡ್ ವಿಷ ಹುಟ್ಟುತ್ತದೆ. ದನ ಉಸಿರುಗಟ್ಟಿ ನಿಂತಲ್ಲೇ ಬೀಳಬಹುದು. ಹೂ ಬಿಡುವ ಮೊದಲು ಕೊಯ್ದು ಹಾಕಬೇಡಿ, ಕೂಳೆಯೊಳಗೆ ಮೇಯಲು ಬಿಡಬೇಡಿ. ಗಾಣದ ಸಿಪ್ಪೆಯನ್ನು ಹಸಿ ಎಲೆಯೊಂದಿಗೆ ಕತ್ತರಿಸಿ, ಗಾಳಿಯಾಡದಂತೆ ತುಳಿದು, ತಾಡಪತ್ರಿ ಮುಚ್ಚಿ 45 ದಿನ ಇಟ್ಟರೆ ರಸಮೇವು (ಸೈಲೇಜ್). ಸಿಪ್ಪೆಯಲ್ಲಿ ಪ್ರೋಟೀನ್ ಕಡಿಮೆ, ಹಿಂಡಿ ತಪ್ಪಿಸಬೇಡಿ. ಬೂಸ್ಟು ಹಿಡಿದ ಮೇಲ್ಪದರವನ್ನು ತಿಪ್ಪೆಗೆ ಹಾಕಿ, ಗೋದಲಿಗೆ ಅಲ್ಲ.