ಸಹಾಯ ಬೇಕು: ಮೈಸೂರಿನ ಹಳೇ ಮನೆಗೆ ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿ

ಅಗ್ರಹಾರದಲ್ಲಿ ನಮ್ಮ ತಾತನ ಕಾಲದ ಮನೆ ಇದೆ. ಇಟ್ಟಿಗೆ-ಸುಣ್ಣದ ಗೋಡೆ, ತೇಗದ ತೊಲೆಗಳ ಮೇಲೆ ಮದ್ರಾಸ್ ತಾರಸಿ, ಅಂದರೆ ಇಟ್ಟಿಗೆ ಜೋಡಿಸಿ ಸುಣ್ಣದ ಗಾರೆ ಹಾಕಿದ ಚಾವಣಿ. ಹಿಂದೆ ಯಾವಾಗಲೋ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದಾರೆ. ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಇಟ್ಟಿಗೆ ಪುಡಿಯಾಗಿ ಉದುರುತ್ತಿದೆ. ತಾರಸಿ ಒಂದು ಕಡೆ ಸೋರಿ, ಅಲ್ಲಿನ ತೊಲೆಯ ತುದಿ ಮೆತ್ತಗಾಗಿದೆ.

ಬಂದು ನೋಡಿದ ಕಂಟ್ರಾಕ್ಟರುಗಳೆಲ್ಲ ‘ಕೆಡವಿ ಆರ್‌ಸಿಸಿ ಹಾಕಿಸಿ’ ಅಂತಾರೆ. ಅವರಿಗೆ ಅದೇ ಸುಲಭ ಬಿಡಿ!

ಬೆಲ್ಲ, ಅಳಲೆಕಾಯಿ ನೀರು ಹಾಕಿ ಗಾರೆ ಅರೆಯುವ ಮೇಸ್ತ್ರಿ ಯಾರಾದರೂ ಗೊತ್ತಾ? ಮಂಡ್ಯ, ಚಾಮರಾಜನಗರ ಕಡೆಯವರಾದರೂ ಸರಿ, ಊಟ-ವಸತಿ ನಮ್ಮದೇ. ಇನ್ನೊಂದು, ತೊಲೆಯ ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಹೊಸ ತೇಗ ಜೋಡಿಸಬಹುದಾ, ಇಲ್ಲ ಪೂರ್ತಿ ಬದಲಿಸಬೇಕಾ? ಮಾಡಿಸಿದವರು ದಯವಿಟ್ಟು ತಿಳಿಸಿ. ಮಳೆಗಾಲಕ್ಕೆ ಮುಂಚೆ ತಾರಸಿಯಾದರೂ ಮುಗಿಯಬೇಕು.