ಪುರಿಮ್ ಗದ್ದಲ, ಶಬ್ದ ತಡೆಯದ ಮಗು: ಚಿತ್ರಪುಸ್ತಕಕ್ಕೆ ಯಾವ ಕೊನೆ?

ಪ್ರಶ್ನೆ: 32 ಪುಟದ ಪುಸ್ತಕ. ನಾಯಕಿ ಆಟಿಸಂ ಇರುವ ಯಹೂದಿ ಹುಡುಗಿ. ಪುರಿಮ್ ಹಬ್ಬದ ದಿನ ಯಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಬೈಬಲಿನ ರಾಣಿ ಎಸ್ತೇರಳ ಕಥೆ ಓದುವಾಗ ಅದರ ಖಳ ಹಾಮಾನನ ಹೆಸರು ಬಂದಾಗಲೆಲ್ಲ ಅದನ್ನು ಮುಳುಗಿಸಲು ಗಿಲಕಿಗಳ ಗಲಾಟೆ. ಕೊನೆಗೆ ಅವಳೂ ಗಿಲಕಿ ತಿರುಗಿಸಿದರೆ ಹೇಗೆ?

ಉತ್ತರ 1: ಬೇಡ, ಅದು ‘ವಾಸಿಯಾದ’ ಕಥೆಯಾಗಿಬಿಡುತ್ತದೆ. ಬದಲಾಗಬೇಕಾದವರು ಸುತ್ತಲಿನವರು. ಅವಳ ಕೈಗೆ ಬಾವುಟ ಕೊಡಿ: ಎತ್ತಿದರೆ ಸದ್ದು, ಇಳಿಸಿದರೆ ನಿಶ್ಶಬ್ದ. ಓದಿನ ಪ್ರತಿ ಪದವೂ ಕಿವಿಗೆ ಬೀಳಬೇಕೆಂಬ ನಿಯಮ ಹೇಗೂ ಇದೆಯಲ್ಲ! ಆ ಹೆಸರು 50ಕ್ಕೂ ಹೆಚ್ಚು ಸಲ ಬರುತ್ತದೆ. ಪುಸ್ತಕಕ್ಕೆ ಮೂರು ಸಾಕು.

ಉತ್ತರ 2: ಚಿತ್ರಕಾರರಿಗೆ ಮೊದಲೇ ಹೇಳಿ: ಸಬ್ಬತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ದೃಶ್ಯವಿದ್ದರೆ ಬ್ಯಾಟರಿ ಹೆಡ್‌ಫೋನ್ ಬೇಡ. ಸಂಪ್ರದಾಯಸ್ಥರು ಅಂದು ಸ್ವಿಚ್ ಒತ್ತುವುದಿಲ್ಲ. ಬರೀ ಫೋಮ್ ತುಂಬಿದ ಇಯರ್‌ಮಫ್ ಸಾಕು. ಪುರಿಮ್‌ಗೆ ಆ ತೊಡಕಿಲ್ಲ.

ಉತ್ತರ 3: ಕರಡನ್ನು ಆಟಿಸಂ ಇರುವ ಯಹೂದಿ ಓದುಗರಿಗೇ ತೋರಿಸಿ, ಚಿತ್ರ ಶುರುವಾಗುವ ಮುಂಚೆ.