ಪದಚರ್ಚೆ: ಬ್ರಖೈನ್ಯೊಗ್ – ರಾಜ್ಯವೋ, ನಾಡೋ, ಸಂಸ್ಥಾನವೋ?

ಪ್ರಶ್ನೆ

ಬಲ್ಲವರಲ್ಲಿ ಒಂದು ತುರ್ತು ವಿನಂತಿ. ಬ್ರಿಟನ್ನಿನ ಇತಿಹಾಸದ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂಬತ್ತನೆಯ ಶತಮಾನದ ವೇಲ್ಸಿನ ನಕ್ಷೆಯಿರುವ ಪುಟ ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಗ್ವಿನೆದ್, ಪೊವಿಸ್, ಡವೆಡ್‌ಗಳಿಗೆ ‘ರಾಜ್ಯ’ ಎಂದು ಹಾಕಿ ಮುಗಿಸಿದ್ದೇನೆ. ತೊಡಕಾಗಿರುವುದು ಬ್ರಖೈನ್ಯೊಗ್. ಅಸ್ಕ್ ನದಿಯ ಮೇಲ್ಕಣಿವೆ, ಇಂದಿನ ಬ್ರೆಕನ್ ಪಟ್ಟಣದ ಸುತ್ತಲಿನ ಸೀಮೆ, ಅಷ್ಟೇ ಅದರ ವಿಸ್ತಾರ. ಮೂಲ ಲೇಖಕರು ಅದನ್ನು ಹೆಸರಿಸುವಾಗಲೆಲ್ಲ ‘ಪುಟಾಣಿ’ ಎಂಬರ್ಥದ ವಿಶೇಷಣವೊಂದನ್ನು ಮುಂದೆ ಕಟ್ಟುತ್ತಾರೆ. ‘ಕಿರುರಾಜ್ಯ’ ಎಂದರೆ ನಿನ್ನೆ ಮೊನ್ನೆ ಟಂಕಿಸಿದ ಹಾಗೆ ಕೇಳಿಸುತ್ತದೆ. ‘ಪಾಳೆಯಪಟ್ಟು’ ಎಂದರೆ ಓದುಗರ ಕಣ್ಣ ಮುಂದೆ ಚಿತ್ರದುರ್ಗದ ಕೋಟೆ ಬಂದು ನಿಲ್ಲುತ್ತದೆ. ನಕ್ಷೆಯಲ್ಲಿ ಹೆಸರಿನ ಕೆಳಗೆ ಒಂದೇ ಪದಕ್ಕೆ ಜಾಗವಿದೆ. ಹೆಸರನ್ನು ನಾನು ಬರೆದಿರುವ ರೀತಿ ಸರಿಯೇ ಎಂಬುದನ್ನೂ ತಿಳಿಸಿ.

ಮರುಪತ್ರ 1

ಸಂಸ್ಥಾನ. ಇದರಲ್ಲಿ ಚರ್ಚಿಸುವುದಕ್ಕೆ ಏನಿದೆ? ಸೊಂಡೂರು, ಸವಣೂರು, ಜಮಖಂಡಿ ಎಲ್ಲವೂ ಚಿಕ್ಕವು, ಎಲ್ಲವೂ ಸಂಸ್ಥಾನಗಳೇ.

ಮರುಪತ್ರ 2

ರಾಜ್ಯ ಸಂಸ್ಕೃತ, ಸಂಸ್ಥಾನ ಸಂಸ್ಕೃತ. ‘ಅರಸುನಾಡು’ ಎನ್ನಲು ನಾಲಿಗೆ ಏಕೆ ಹೊರಳುವುದಿಲ್ಲವೋ ತಿಳಿಯದು. ಹೆಸರಿನಲ್ಲಿ ಆ ಮಹಾಪ್ರಾಣವಾದರೂ ಏಕೆ? ಕನ್ನಡಿಗರ ಬಾಯಲ್ಲಿ ಅದು ಎಂದೂ ನಿಂತದ್ದಿಲ್ಲ. ‘ಬ್ರಕೈನ್ಯೊಗ್’ ಸಾಕು. ಅಂದ ಹಾಗೆ, ಅಲ್ಲಿನ ಕೆರೆಯ ಕೋಟೆಗೆ ಹಳೆಯ ಇಂಗ್ಲಿಷ್ ದಾಖಲೆಯಲ್ಲಿರುವ ಹೆಸರು ‘ಬ್ರೆಕೆನನ್‌ಮೆರೆ’. ಮೆರೆ ಎಂದರೆ ಕೆರೆ. ಕಿವಿಯಿದ್ದವರು ಕೇಳಿಸಿಕೊಳ್ಳಲಿ.

ಮರುಪತ್ರ 3

ಮೆರೆಗೂ ಕೆರೆಗೂ ಇರುವುದು ಪ್ರಾಸದ ನಂಟು ಮಾತ್ರ. ಅದು ಲ್ಯಾಟಿನ್ನಿನಲ್ಲಿ ಕಡಲಿಗೆ ಹೇಳುವ ‘ಮಾರೆ’ಯ ದಾಯಾದಿ. ಮುಂದಿನದಕ್ಕೆ ಹೋಗೋಣ.

‘ಸಂಸ್ಥಾನ’ವನ್ನು ನಾನು ಒಪ್ಪುವುದಿಲ್ಲ. ಆ ಪದ ಕಿವಿಗೆ ಬಿದ್ದೊಡನೆ ತಲೆಯ ಮೇಲೆ ಇನ್ನೊಬ್ಬ ಒಡೆಯನಿದ್ದಾನೆ ಎಂದು ನಮ್ಮ ಓದುಗರು ಊಹಿಸಿಕೊಳ್ಳುತ್ತಾರೆ. ಬ್ರಿಟಿಷರ ಕಾಲದಲ್ಲಿ ಅದಕ್ಕೆ ಅಂಟಿದ ಬಣ್ಣ ಇನ್ನೂ ಬಿಟ್ಟಿಲ್ಲ. ಬ್ರಖೈನ್ಯೊಗ್‌ನ ಮಟ್ಟಿಗೆ ತಕರಾರು ಇರುವುದೇ ಆ ಒಡೆತನದ ಬಗ್ಗೆ. 880ರ ದಶಕದಲ್ಲಿ ಅಲ್ಲಿನ ದೊರೆ ಎಲಿಸೆದ್, ಗ್ವಿನೆದ್‌ನ ರೋಡ್ರಿ ಮೌರ್‌ನ ಮಕ್ಕಳ ಕಾಟ ತಡೆಯಲಾರದೆ ವೆಸೆಕ್ಸಿನ ಇಂಗ್ಲಿಷ್ ದೊರೆ ಆಲ್ಫ್ರೆಡ್‌ನ ಮೊರೆಹೊಕ್ಕ. ಇದನ್ನು ಬರೆದಿಟ್ಟವನು ಆಲ್ಫ್ರೆಡ್‌ನ ಚರಿತ್ರಕಾರ ಅಸರ್, ಸ್ವತಃ ವೇಲ್ಸಿನವನು, ಸೇಂಟ್ ಡೇವಿಡ್ಸ್‌ನ ಪಾದ್ರಿ. ಮೊರೆಹೊಕ್ಕವನನ್ನೂ ಅವನು ಲ್ಯಾಟಿನ್ನಿನಲ್ಲಿ ‘ರೆಕ್ಸ್’ ಎಂದೇ ಕರೆಯುತ್ತಾನೆ. ರಾಜ, ಅಷ್ಟೇ, ಮುಂದೊಂದು ಹಿಂದೊಂದು ಸೇರಿಸುವುದಿಲ್ಲ.

ಈಗ 934ಕ್ಕೆ ಬನ್ನಿ. ಇಂಗ್ಲಿಷ್ ದೊರೆ ಎಥೆಲ್‌ಸ್ಟನ್ ಕೊಟ್ಟ ದಾನಪತ್ರವೊಂದರ ಸಾಕ್ಷಿಗಳ ಸಾಲಿನಲ್ಲಿ ಬ್ರಖೈನ್ಯೊಗ್‌ನ ಟೆವ್ಡುರ್‌ನ ಹೆಸರಿದೆ. ಆಸ್ಥಾನದ ಲಿಪಿಕಾರ ಅವನಿಗೆ ಕೊಟ್ಟ ಪದವಿ ‘ಸುಬ್‌ರೆಗುಲುಸ್’. ರೆಗುಲುಸ್ ಎಂದರೇ ಮರಿರಾಜ, ಅದರ ಮೇಲೆ ‘ಅಧೀನ’ ಎಂಬ ಉಪಸರ್ಗ ಬೇರೆ. ಚಿಕ್ಕ ಸೀಮೆಯವನಲ್ಲವೇ, ಸರಿಯೇ ಇದೆ ಎಂದುಕೊಳ್ಳುವ ಮೊದಲು ಅದೇ ಸಾಲನ್ನು ಪೂರ್ತಿ ಓದಿ. ವೇಲ್ಸಿನ ದೊಡ್ಡ ದೊರೆ ಹವೆಲ್ ದಾ ಎಂಬವನಿಗೂ ಅದೇ ಪದವಿ, ಗ್ವಿನೆದ್‌ನ ಇಡ್ವಾಲ್‌ನಿಗೂ ಅದೇ. ಪಾಳೆಯಪಟ್ಟು, ಸಂಸ್ಥಾನ, ಕಿರುರಾಜ್ಯ ಎಂದು ಬರೆಯುವವರು ತಿಳಿದೋ ತಿಳಿಯದೆಯೋ ಎಥೆಲ್‌ಸ್ಟನ್‌ನ ಲಿಪಿಕಾರನ ಪಕ್ಕದಲ್ಲಿ ಕುಳಿತು ಬರೆಯುತ್ತಿರುತ್ತಾರೆ. ನಾನಂತೂ ಅಸರ್‌ನ ಕಡೆ.

ಆ ಕೋಟೆಯ ಮಾತು ಬಂದದ್ದರಿಂದ ಒಂದು ವಿಷಯ. ಲಾಂಗೋರ್ಸ್ ಕೆರೆಯಲ್ಲಿ ಕಲ್ಲು, ಮಣ್ಣು, ಪೊದೆಕಟ್ಟಿಗೆ ಸುರಿದು, ಸುತ್ತ ಓಕ್ ಹಲಗೆ ನೆಟ್ಟು ಕಟ್ಟಿದ ದ್ವೀಪವೊಂದಿದೆ. ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ, ಹಲಗೆಗಳನ್ನು ಕಡಿದದ್ದು 889ರಿಂದ 893ರ ನಡುವೆ ಎಂದು ಗುರುತಿಸಿದ್ದಾರೆ. ಅಂದರೆ ಎಲಿಸೆದ್ ಆಲ್ಫ್ರೆಡ್‌ನ ಮೊರೆಹೊಕ್ಕ ಕೆಲವೇ ವರ್ಷಗಳ ಬಳಿಕ. 916ರಲ್ಲಿ ಇಂಗ್ಲಿಷರ ಮರ್ಸಿಯಾ ರಾಜ್ಯದ ಒಡತಿ ಎಥೆಲ್‌ಫ್ಲೆಡ್, ತನ್ನ ಕಡೆಯ ಮಠಾಧಿಪತಿಯೊಬ್ಬನ ಕೊಲೆಗೆ ಪ್ರತೀಕಾರವಾಗಿ ಮೂರೇ ದಿನಗಳಲ್ಲಿ ದಂಡು ಕಳುಹಿಸಿ ಅದನ್ನು ಒಡೆಸಿದಳು. ರಾಜನ ಹೆಂಡತಿಯೂ ಸೇರಿ 34 ಜನ ಸೆರೆಯಾದರು. ಉತ್ಖನನದಲ್ಲಿ ಸಿಕ್ಕಿದ ಸುಟ್ಟು ಕರಕಲಾದ ಲಿನನ್ ಬಟ್ಟೆಯ ಮೇಲೆ ರೇಷ್ಮೆ ಎಳೆಯಲ್ಲಿ ಹಕ್ಕಿ, ಬಳ್ಳಿಗಳ ಕಸೂತಿಯಿದೆ. ವೇಲ್ಸಿನ ಕಣಿವೆಯೊಳಗೆ ಆ ಕಾಲಕ್ಕೆ ರೇಷ್ಮೆ! ಇಂಥ ಮನೆತನಕ್ಕೆ ‘ರಾಜ್ಯ’ ಎನ್ನಲು ನಮಗೇಕೆ ಜಿಪುಣತನ?

ಇನ್ನು ‘ಅರಸುನಾಡು’. ‘ಅರಸ’ ದೇಶ್ಯವೋ ‘ರಾಜ’ದಿಂದ ಬಂದದ್ದೋ ಎಂಬ ಜಗಳ ವಿದ್ವಾಂಸರಲ್ಲಿ ಹಳೆಯದು, ಅದನ್ನು ಇಲ್ಲಿ ಕೆದಕುವುದಿಲ್ಲ. ನನ್ನ ಆಕ್ಷೇಪ ‘ನಾಡು’ ಬಗ್ಗೆ. ಬ್ರಖನ್ ಎಂಬ ಮೂಲಪುರುಷನ ಹೆಸರಿಗೆ ನೆಲವಾಚಿ ಪ್ರತ್ಯಯ ಸೇರಿ ಬ್ರಖೈನ್ಯೊಗ್ ಆಗಿದೆ. ಕೆರೆಡಿಗ್‌ನದು ಕೆರೆಡಿಗ್ಯೊನ್, ಮೊರ್ಗನ್‌ನದು ಮೊರ್ಗನ್ನುಗ್. ನಮ್ಮಲ್ಲಿ ನೊಳಂಬರದು ನೊಳಂಬವಾಡಿ, ಗಂಗರದು ಗಂಗವಾಡಿ ಆದಂತೆಯೇ. ‘ನೊಳಂಬವಾಡಿ ನಾಡು’ ಎಂದು ಯಾರಾದರೂ ಬರೆದರೆ ನೀವೇ ಕೆಂಪು ಗೆರೆ ಎಳೆಯುತ್ತೀರಿ. ಹೋಲಿಕೆ ಅಷ್ಟಕ್ಕೇ ನಿಲ್ಲುವುದಿಲ್ಲ: ವೇಲ್ಸಿನ ಆಡಳಿತ ವಿಭಾಗವಾದ ‘ಕಂತ್ರೆವ್’ ಎಂದರೆ ನೂರು ಊರು. ಬೆಳ್ವೊಲ 300, ಬನವಾಸಿ 12000 ಎಂದು ಶಾಸನಗಳಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರೆಂದರೆ ಎಣಿಸಿ ನೂರೇ ಎಂದು ಅಲ್ಲೂ ಯಾರೂ ನಂಬುವುದಿಲ್ಲ.

‘ರಾಜ್ಯ’ ಎಂದರೆ ಇಂದಿನ ಓದುಗರಿಗೆ ರಾಜ್ಯ ಸರ್ಕಾರ ನೆನಪಾಗುತ್ತದೆ ಎಂದು ಯಾರಾದರೂ ಹೇಳುವ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ವಿಜಯನಗರದ ಕಾಲದಲ್ಲೂ ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದರೆ ಪ್ರಾಂತಗಳೇ. ಆ ಪದ ಮೊದಲಿನಿಂದಲೂ ಎರಡು ದೋಣಿಗಳ ಮೇಲೆ ಕಾಲಿಟ್ಟಿದೆ, ಇನ್ನೂ ಮುಳುಗಿಲ್ಲ.

ಹೆಸರಿನ ಬಗ್ಗೆ: ಗಂಟಲಿನಲ್ಲಿ ಉಜ್ಜಿ ಬರುವ ಆ ದನಿ ನಮ್ಮ ಮಹಾಪ್ರಾಣ ‘ಖ’ ಅಲ್ಲ, ಅಲ್ಪಪ್ರಾಣ ‘ಕ’ ಮೊದಲೇ ಅಲ್ಲ, ಉರ್ದುವಿನ ‘ಖಬರ್’ನಲ್ಲಿರುವ ದನಿಗೆ ಹತ್ತಿರ. ಕೆಳಗೆ ಚುಕ್ಕಿಯಿಟ್ಟು ‘ಖ಼’ ಎಂದು ಬರೆಯಬಹುದು, ನಕ್ಷೆಯ ಸಣ್ಣ ಅಕ್ಷರದಲ್ಲಿ ಅದು ಶಾಯಿಯ ಕಲೆಯಂತೆ ಕಾಣುತ್ತದೆ. ‘ಖ’ ಇರಲಿ. ‘ಬ್ರೆಕನ್ ರಾಜ್ಯ’ ಎಂದು ಮಾತ್ರ ಬರೆಯಬೇಡಿ. 2023ರ ಏಪ್ರಿಲ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನವೇ ಇಂಗ್ಲಿಷ್ ಹೆಸರನ್ನು ಬಿಟ್ಟು ‘ಬನ್ನೈ ಬ್ರಖೈನ್ಯೊಗ್’ ಎಂದು ಕರೆದುಕೊಂಡಿದೆ.

ಮರುಪತ್ರ 4

ಉದ್ಯಾನದ ಉದಾಹರಣೆ ‘ಅರಸುನಾಡು’ ಎಂದ ನನ್ನ ವಾದಕ್ಕೇ ಬಲ ಕೊಡುತ್ತದೆ. ಅವರು ತಮ್ಮ ಪದಗಳನ್ನು ಬಿಟ್ಟುಕೊಡಲಿಲ್ಲ. ರಾಜ್ಯಕ್ಕೆ ಅವರಲ್ಲಿ ‘ಟೇರ್ನಸ್’ ಎಂಬ ಅಚ್ಚ ವೆಲ್ಷ್ ಪದವಿದೆ, ಎರವಲು ಅಲ್ಲ. ನಾವು ಮಾತ್ರ ಎರವಲು ಒಡವೆ ತೊಟ್ಟು ಮೆರೆಯಬೇಕೇ?

ಮರುಪತ್ರ 5

‘ಟೇರ್ನಸ್’ ದೇಶ್ಯವೇ, ಒಪ್ಪಿದೆ. ಸೇತುವೆಗೆ ಅವರು ‘ಪೊಂಟ್’ ಎನ್ನುತ್ತಾರೆ, ಪುಸ್ತಕಕ್ಕೆ ‘ಲಿವಿರ್’, ಕಿಟಕಿಗೆ ‘ಫೆನೆಸ್ಟ್ರ್’, ಶಾಲೆಗೆ ‘ಅಸ್ಗೊಲ್’, ಇಗರ್ಜಿಗೆ ‘ಎಗ್ಲುಯಿಸ್’. ಎಲ್ಲವೂ ಲ್ಯಾಟಿನ್ನಿನಿಂದ ಬಂದವು, ಯಾವುದನ್ನೂ ಅವರು ಮರಳಿಸಿಲ್ಲ. ಬ್ರಖನ್‌ನ ತಂದೆಯೇ ಐರ್ಲೆಂಡಿನವನು ಎನ್ನುತ್ತದೆ ಐತಿಹ್ಯ. ಐರಿಷ್ ಮೂಲದ ಓಗಮ್ ಲಿಪಿಯ ಕಲ್ಲುಗಳು ಆ ಕಣಿವೆಯಲ್ಲಿ ಇಂದಿಗೂ ಇವೆ. ಅರಸನೇ ಹೊರಗಿನ ರಕ್ತದವನಾದ ಮೇಲೆ ಪದದ ಮಡಿಗೆ ಇಷ್ಟೊಂದು ನೀರೇಕೆ? ಅನುವಾದಕರ ಗಡುವು ನಾಳೆ ಸಂಜೆ, ಎರವಲಿನ ಜಗಳ ಬೇರೆ ಎಳೆಯಲ್ಲಿ ಮುಂದುವರಿಯಲಿ.

ಮರುಪತ್ರ 6 (ಪ್ರಶ್ನೆ ಕೇಳಿದವರಿಂದ)

ಎಲ್ಲರಿಗೂ ವಂದನೆಗಳು. ‘ಬ್ರಖೈನ್ಯೊಗ್ ರಾಜ್ಯ’ ಎಂದೇ ಹಾಕಿದ್ದೇನೆ. ಚಿಕ್ಕದೆಂಬುದನ್ನು ನಕ್ಷೆಯ ಗೆರೆಗಳೇ ತೋರಿಸುತ್ತವೆ, ವಿಶೇಷಣ ಕೈಬಿಟ್ಟಿದ್ದೇನೆ. ಹೊಸ ತಲೆನೋವು ಎಂದರೆ ಕೆರೆಯೊಳಗಿನ ಆ ದ್ವೀಪ. ಮೂಲದಲ್ಲಿ ‘ಕ್ರ್ಯಾನಗ್’ ಎಂದಿದೆ. ಹಾಗೆಯೇ ಬಿಡಲೇ?

ಮರುಪತ್ರ 7

ನಡುಗಡ್ಡೆ.

ಮರುಪತ್ರ 8

ನಡುಗಡ್ಡೆ ತಾನಾಗಿ ಆಗುವುದು, ಇದು ಮನುಷ್ಯರು ಕಟ್ಟಿದ್ದು. ಮೊದಲ ಸಲ ‘ಕ್ರ್ಯಾನಗ್ ಎಂಬ ಕಟ್ಟುದ್ವೀಪ’ ಎಂದು ಬರೆಯಿರಿ, ಮುಂದೆ ಬರೀ ಕ್ರ್ಯಾನಗ್. ‘ದ್ವೀಪ’ ಸಂಸ್ಕೃತ ಎಂದು ಯಾರೂ ಕಾಗದ ಬರೆಯುವ ಅಗತ್ಯವಿಲ್ಲ.